ಸೋಮವಾರ ಮತ್ತು ಗುರುವಾರದ ಮೇಲಧಿಕಾರಿ

ಮಾರ್ಚ್ 3, ಸೋಮವಾರ

ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಗಿರಾಕಿಗಳ ಹತ್ತಿರ ಸೊಂಟ, ತೋಳು, ಉದ್ದ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರೂ ಯಾರೂ ಇಲ್ಲ, ಅದೂ ಒಳ್ಳೆಯದೇ.

ಇವಳು, ನನ್ನ ಹೆಂಡತಿ, ಆಸ್ಪತ್ರೆ ಸೇರಿ ತಿಂಗಳಾಗುತ್ತಾ ಬಂತು. ಮೊದಲ ವಾರ ಒಂದು ಲೋಟ ನೀರು ಕುಡಿಯಲೂ ಉಸಿರು ಸಾಲುತ್ತಿರಲಿಲ್ಲ. ಈಗ ನನ್ನನ್ನು ಬೈಯುವಷ್ಟು ಸುಧಾರಿಸಿದ್ದಾಳೆ. ಆದರೆ ಡಾಕ್ಟರು ಇವತ್ತು ನನ್ನನ್ನು ವಾರ್ಡಿನ ಹೊರಗೆ ಕರೆದು, "ಇನ್ನೊಂದು ಸಲ ಹೀಗಾದ್ರೆ ನಾನು ಏನೂ ಹೇಳೋಕಾಗಲ್ಲ. ಮನೇಲಿ ಧೂಳು ಇರಬಾರದು. ಕಡಿಮೆ ಇರಬೇಕು ಅಂತಲ್ಲ, ಇರಲೇಬಾರದು" ಎಂದರು. ಯಾವ ಧೂಳು ಎಂದು ಕೇಳಿದೆ. "ಯಾವುದಾದ್ರೂ. ನಿಮ್ಮನೆಯವರು ರಸ್ತೆ ಧೂಳು ಅಂತ ಹೇಳಿದ್ರು" ಎಂದರು. ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇದೆ, ನಿಜ.

ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು. ಅತ್ತಿಗೆ ಎಂದರೆ ಇವಳ ಅಕ್ಕ. ತಂಗಿಯನ್ನು ನೋಡಿಕೊಳ್ಳಲು ಬಂದು ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಇದ್ದಾರೆ. "ಹಾಗಾದ್ರೆ ನಮ್ಮನೆಗೇ ಕರ್ಕೊಂಡು ಹೋಗ್ತೀನಿ. ನಮ್ಮದು ಹೊಸ ಮನೆ, ಕಿಟಕಿಗೆಲ್ಲ ಗಾಜು. ನೀವು ಒಂಟಿ ಗಂಡಸು, ಏನು ತಾನೇ ಮಾಡ್ತೀರಾ?" ಎಂದರು.

"ಎಷ್ಟು ದಿನಕ್ಕೆ ಅತ್ತಿಗೆ?"

"ದಿನ ಏನು ಎಣಿಸೋದು, ಇರ್ಲಿ ಬಿಡಿ."

ಅವರ ಊರು ಇಲ್ಲಿಂದ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ನನಗೆ ಭಯವಾಗಿದೆ. ಅಲ್ಲಿಗೆ ಹೋದರೆ ಇವಳು ವಾಪಸು ಬರುವುದಿಲ್ಲ. ಹೋಗಬೇಡ ಎಂದು ಅಲ್ಲಿ ಯಾರೂ ಹಿಡಿದಿಡುವುದಿಲ್ಲ, ಆದರೆ ಇವತ್ತು ಬೇಡ, ನಾಳೆ ಬೇಡ ಎಂದು ದಿನ ಉರುಳುತ್ತದೆ. ನಾನು ಗಟ್ಟಿಯಾಗಿ, "ಮನೆ ಪೂರ್ತಿ ಕ್ಲೀನ್ ಆಗುತ್ತೆ. ನೀವೇ ಬಂದು ನೋಡಿ, ಆಮೇಲೆ ಹೇಳಿ" ಎಂದುಬಿಟ್ಟೆ. ಸರಿ, ಬಿಡುಗಡೆಗೆ ಮುಂಚೆ ಬಂದು ನೋಡುತ್ತೇನೆ ಎಂದರು. ಅತ್ತಿಗೆ ನೋಡುವುದೆಂದರೆ ಬೆರಳಿನಿಂದ ಒರೆಸಿ ನೋಡುವುದು.

ಇರಲಿ. ಪ್ಯಾಂಟಿಗೆ ಜೇಬು ಕೂರಿಸುವವನಿಗೆ ಮನೆ ಗುಡಿಸುವುದು ಯಾವ ಮಹಾ ವಿದ್ಯೆ?

ಮಾರ್ಚ್ 5, ಬುಧವಾರ

ಮಹಾ ವಿದ್ಯೆಯೇ.

ನಿನ್ನೆ ಬೆಳಗ್ಗೆ ಪೊರಕೆ ಹಿಡಿದವನು ಇವತ್ತು ಮಧ್ಯಾಹ್ನ ಕೆಳಗಿಟ್ಟೆ. ಮೊದಲು ನೆಲ ಗುಡಿಸಿದೆ. ಆಮೇಲೆ ಜೇಡರ ಬಲೆ ತೆಗೆದೆ, ಅದೆಲ್ಲ ಗುಡಿಸಿದ ನೆಲದ ಮೇಲೆ ಬಿತ್ತು. ಮತ್ತೆ ಗುಡಿಸಿದೆ. ಪರದೆಗಳನ್ನು ನನ್ನ ಮರದ ಅಳತೆಪಟ್ಟಿಯಲ್ಲಿ ಬಡಿದೆ. ಕೋಣೆಯೊಳಗೆ ಹೊಗೆ ಹಾಕಿದ ಹಾಗಾಯಿತು. ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ನೋಡುತ್ತೇನೆ, ಇಷ್ಟು ದಿನ ಸುಮ್ಮನೆ ಮಲಗಿದ್ದ ಧೂಳನ್ನೆಲ್ಲ ಎಬ್ಬಿಸಿ ಮನೆ ತುಂಬ ಮೆರವಣಿಗೆ ಮಾಡಿಸಿದ್ದೇನೆ. ಸೀನಿ ಸೀನಿ ಸುಸ್ತಾಗಿ ಚಹಾ ಮಾಡಿಕೊಂಡರೆ ಅದರೊಳಗೂ ಒಂದು ಬಲೆಯ ಚೂರು.

ವಾರ್ಡಿನ ನರ್ಸಮ್ಮನ ಹತ್ತಿರ ಗೋಳು ತೋಡಿಕೊಂಡೆ. ನಗು ತಡೆದುಕೊಂಡು ಒಂದು ಫೋನ್ ನಂಬರು ಕೊಟ್ಟರು. "ಮೊದಲು ನಮ್ಮ ವಾರ್ಡಲ್ಲೇ ಇದ್ರು. ಈಗ ಮನೆಗಳಿಗೆ ಹೋಗ್ತಾರೆ. ಕೆಲಸ ಚಿನ್ನ. ಸ್ವಲ್ಪ ಬಾಯಿ ಜಾಸ್ತಿ."

ನಮ್ಮ ಮನೆಗೆ ಇದುವರೆಗೆ ಕೆಲಸದವರು ಎಂದು ಯಾರೂ ಬಂದದ್ದಿಲ್ಲ. ಬೇಕೆಂದು ಅನಿಸಿಯೇ ಇರಲಿಲ್ಲ, ಮನೆ ತಾನಾಗಿಯೇ ಚೊಕ್ಕಟವಾಗಿರುತ್ತಿತ್ತು. ಇವಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಆಸ್ಪತ್ರೆಯ ಮಂಚದಿಂದ ಎದ್ದು ಬಂದು ತಾನೇ ಗುಡಿಸುತ್ತಾಳೆ.

ಮಾರ್ಚ್ 6, ಗುರುವಾರ

ಕೆಲಸದವಳು ಬಂದಳು. ಅವಳು ಬರುವ ಮೊದಲು ನಾನು ಇನ್ನೊಂದು ಸಲ ಗುಡಿಸಿ, ಪಾತ್ರೆ ತೊಳೆದು, ಕೊಳೆ ಬಟ್ಟೆ ಬಚ್ಚಿಟ್ಟಿದ್ದೆ. ಮೊದಲ ಸಲ ಬರುವವಳು ನಮ್ಮನ್ನು ಏನೆಂದುಕೊಳ್ಳಬೇಕು ಎಂದು ನನ್ನ ಲೆಕ್ಕ. ಬಾಗಿಲಲ್ಲಿ ನಿಂತು ಗಾಳಿ ಮೂಸಿ, "ಯಾರು ಗುಡಿಸಿದ್ದು?" ಎಂದು ಕೇಳಿದಳು. ನಾನೇ ಎಂದೆ. "ಇನ್ಮೇಲೆ ಗುಡಿಸ್ಬೇಡಿ" ಎಂದಳು.

ಎತ್ತರದ ಆಳು. ಬಕೆಟ್ಟು ಎತ್ತಿ ಎತ್ತಿ ಬಲ ಭುಜ ಒಂದು ಬೆರಳಿನಷ್ಟು ಇಳಿದಿದೆ. ಅವಳಿಗೆ ಅಂಗಿ ಹೊಲಿಯುವವರು ಅದನ್ನು ಗಮನಿಸಿಲ್ಲ, ಎಡಗಡೆ ಕಾಲರು ಎದ್ದು ನಿಂತಿತ್ತು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವಳೇ ಇರಬೇಕು.

"ಏನಮ್ಮ, ಎಲ್ಲಿಂದ ಶುರು ಮಾಡ್ತೀಯ?" ಎಂದೆ.

"ಅದು ನನ್ನ ತಲೆನೋವು. ನೀವು ಎಲ್ಲಿ ಕೂತ್ಕೋತೀರಾ ಅದನ್ನ ಹೇಳಿ."

"ಇಲ್ಲೇ, ಮೆಷಿನ್ ಹತ್ರ."

"ಹಾಗಾದ್ರೆ ಅಲ್ಲಿಂದ ಏಳಬೇಡಿ. ನಾನು ಹೇಳೋವರೆಗೂ ನೆಲಕ್ಕೆ ಕಾಲಿಡಬೇಡಿ."

ನನ್ನ ಮನೆಯಲ್ಲಿ, ನನ್ನ ಕುರ್ಚಿಯ ಮೇಲೆ, ಕಾಲನ್ನು ಪೆಡಲಿನ ಮೇಲಿಟ್ಟುಕೊಂಡು ಗಪ್‌ಚುಪ್ ಕೂತೆ. ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಅದರ ಹಿಂದೆ ಮಲಗುವ ಕೋಣೆ, ಅಡುಗೆಮನೆ. ಶಾಲೆಯ ಸಮವಸ್ತ್ರದ ದೊಡ್ಡ ಆರ್ಡರು ಬಂದಿದೆ, ನೀಲಿ ಪ್ಯಾಂಟುಗಳು ರಾಶಿ ಬಿದ್ದಿವೆ. ಹೊಲಿಯುತ್ತಾ ಹೊಲಿಯುತ್ತಾ ಅವಳ ಕೆಲಸವನ್ನೇ ನೋಡಿದೆ.

ಎರಡು ಬಕೆಟ್ಟು ತಂದಿದ್ದಳು. ಒಂದರ ನೀರಿನಲ್ಲಿ ಬಟ್ಟೆ ಅದ್ದುವುದು, ಇನ್ನೊಂದರಲ್ಲಿ ಹಿಂಡುವುದು. ಒಂದರ ಕೈ ಇನ್ನೊಂದಕ್ಕೆ ತಾಗಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿ, ಒಂದು ಮಗ್ಗುಲು ಕೊಳೆಯಾದ ತಕ್ಷಣ ಮಗುಚುತ್ತಿದ್ದಳು. ಮೇಲಿನ ಮೂಲೆಯಿಂದ ಹಿಡಿದು ಕೆಳಕ್ಕೆ, ಒಳಗಿನ ಗೋಡೆಯಿಂದ ಹಿಡಿದು ಬಾಗಿಲಿಗೆ. ಎಲ್ಲೂ ಅವಸರವಿಲ್ಲ, ಒಮ್ಮೆ ಒರೆಸಿದ ಕಡೆ ಎರಡನೇ ಸಲ ಕೈ ಹೋಗಲಿಲ್ಲ. ನಾನು ಒಳ್ಳೆಯ ಕತ್ತರಿ ಕೈಯನ್ನು ನೋಡಿದರೆ ಗುರುತಿಸುತ್ತೇನೆ. ಇದೂ ಅಂಥದ್ದೇ ಕೈ.

ಕೊನೆಗೆ ಅವಳು ನೆಲದ ಮೇಲೆ ಅಂಗಾತ ಅಲ್ಲ, ಪಕ್ಕಕ್ಕೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ಬೆಳಕಿಗೆ ಎದುರಾಗಿ ನೋಡಿದಳು. ಬಿದ್ದಳೇನೋ ಎಂದು ಕುರ್ಚಿಯಿಂದ ಅರ್ಧ ಎದ್ದೆ. "ಬಿದ್ದಿಲ್ಲ, ನೋಡ್ತಿದೀನಿ. ನಿಂತು ನೋಡಿದ್ರೆ ಎಲ್ಲಾ ಮನೆನೂ ಚೊಕ್ಕಟಾನೇ" ಎಂದಳು. ಮಂಚದ ಕೆಳಗೆ ಕೈ ಚಾಚಿ, "ಬಾರಪ್ಪಾ ಬಾ, ಅಲ್ಲೇನ್ ಬಚ್ಚಿಟ್ಕೋತೀಯ" ಎಂದು ಧೂಳಿನೊಡನೆ ಮಾತಾಡಿದಳು.

ಇಂಥ ಮನುಷ್ಯರಿಗೆ ಕೆಲಸದವಳು ಎಂಬ ಹೆಸರು ಒಪ್ಪುವುದಿಲ್ಲ. ಇನ್ನು ಮೇಲಧಿಕಾರಿ ಎಂದೇ ಬರೆಯುತ್ತೇನೆ. ಸೋಮವಾರ, ಗುರುವಾರ ಬರುತ್ತಾಳಂತೆ.

ಮಾರ್ಚ್ 7, ಶುಕ್ರವಾರ

ಬೆಳಗ್ಗೆ ಎದ್ದಾಗ ನೆಲ ತಂಪಾಗಿತ್ತು. ಸುಮ್ಮನೆ ಬರಿಗಾಲಲ್ಲಿ ಮನೆಯೆಲ್ಲ ಓಡಾಡಿದೆ. ನೀಲಿ ಪ್ಯಾಂಟುಗಳ ಅರ್ಧ ರಾಶಿ ಮುಗಿಯಿತು.

ಮಾರ್ಚ್ 10, ಸೋಮವಾರ

ಇವತ್ತು ಮೇಲಧಿಕಾರಿಗೆ ಕೋಪ ಬಂದಿತ್ತು. ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದು ನನ್ನ ಮೂಗಿನ ಕೆಳಗೆ ಹಿಡಿದಳು. "ಗುರುವಾರ ಇದನ್ನ ಕನ್ನಡಿ ಮಾಡಿ ಹೋಗಿದ್ದೆ. ನೋಡಿ ಹೇಗಿದೆ. ಯಾರಾದ್ರೂ ನೋಡಿದ್ರೆ ನಾನು ಕೆಲಸಾನೇ ಮಾಡಿಲ್ಲ ಅಂತಾರೆ."

ರಸ್ತೆ ಧೂಳು ಎಂದೆ. ಕಿಟಕಿ ಮುಚ್ಚಿ ಎಂದಳು. ಮುಚ್ಚೇ ಇತ್ತು ಎಂದೆ. ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಎಂದಳು. ತುರುಕಿದೆ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು. ಗೊಣಗುತ್ತಾ ಮಾಡಿದರೂ ಒಂದು ಮೂಲೆಯನ್ನೂ ಬಿಡಲಿಲ್ಲ. ಸಿಟ್ಟಿನಲ್ಲಿ ಅವಳ ಕೈ ಇನ್ನೂ ಚೆನ್ನಾಗಿ ಓಡುತ್ತದೆ.

ಇವಳು ಆಸ್ಪತ್ರೆಯಲ್ಲಿ, "ಮನೇಲಿ ಯಾರು ಗುಡಿಸ್ತಿದಾರೆ?" ಎಂದು ಕೇಳಿದಳು. ಯಾರೂ ಗುಡಿಸುತ್ತಿಲ್ಲ ಎಂದೆ. ಸುಳ್ಳಲ್ಲ. ಮೇಲಧಿಕಾರಿ ಒರೆಸುತ್ತಾರೆ, ಗುಡಿಸುವುದಿಲ್ಲ.

ಮಾರ್ಚ್ 13, ಗುರುವಾರ

ಒಂದು ಅನಾಹುತ. ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋ ಕೆಳಗೆ ಬಿದ್ದು ಗಾಜು ಒಡೆಯಿತು. "ಮೊಳೆ ಸಡಿಲ ಇತ್ತು" ಎಂದರು ಮೇಲಧಿಕಾರಿ. ಮೊಳೆ ಗೋಡೆಯಲ್ಲಿ ಗಟ್ಟಿಯಾಗಿಯೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ, ಅವರೂ ಅದನ್ನೇ ನೋಡುತ್ತಿದ್ದರು. "ನೋಡೋಕೆ ಗಟ್ಟಿ ಇದೆ" ಎಂದು ಸೇರಿಸಿದರು. ತಪ್ಪು ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ. ಗಾಜಿನ ಪುಡಿಯನ್ನು ಮಾತ್ರ ಒದ್ದೆ ಬ್ರೆಡ್ಡಿನ ತುಂಡಿನಿಂದ ಒತ್ತಿ ಒತ್ತಿ ಎಷ್ಟು ಚೆನ್ನಾಗಿ ತೆಗೆದರೆಂದರೆ ಬೈಯುವುದಕ್ಕೆ ಮನಸ್ಸು ಬರಲಿಲ್ಲ.

ಧೂಳು ಇವತ್ತೂ ಇತ್ತು. ಅವರು ಬಟ್ಟೆ ಬಿಡಿಸಿ ತೋರಿಸಿದರು.

"ಟೈಲರಣ್ಣ, ಇದು ನೀಲಿ ಇದೆ."

"ಯಾವುದು?"

"ಧೂಳು. ರಸ್ತೆ ಧೂಳು ಕೆಂಪಿರುತ್ತೆ, ಇಲ್ಲಾ ಬೂದಿ ಬಣ್ಣ. ನೀಲಿ ರಸ್ತೆ ಎಲ್ಲೈತೆ?"

ಆಕಾಶದ ನೆರಳು ಇರಬೇಕು ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ನನ್ನನ್ನು ನೋಡಿದರು, ಮೆಷಿನ್ನು ನೋಡಿದರು, ಮತ್ತೆ ನನ್ನನ್ನು ನೋಡಿ ತುಟಿ ಪಿಟಕ್ಕೆನ್ನದೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ಅಷ್ಟು ಮಾತಾಡುವವರು ಸುಮ್ಮನಾದರೆ ಒಂಥರಾ ಅನಿಸುತ್ತದೆ. ಫೋಟೋದ ವಿಷಯ ಮನಸ್ಸಿಗೆ ಹಚ್ಚಿಕೊಂಡಿರಬೇಕು.

ಮಾರ್ಚ್ 14, ಶುಕ್ರವಾರ

ನೀಲಿ ಪ್ಯಾಂಟುಗಳು ಮುಗಿದವು. ಬಿಳಿ ಅಂಗಿಗಳು ಶುರು. ಊಟದ ತಟ್ಟೆಯನ್ನು ರಾತ್ರಿಗೆಂದು ಬಿಡದೆ ಆಗಲೇ ತೊಳೆದಿಟ್ಟೆ. ಇಟ್ಟರೆ ಕಣ್ಣಿಗೆ ಚುಚ್ಚುತ್ತದೆ.

ಮಾರ್ಚ್ 17, ಸೋಮವಾರ

ಇವತ್ತು ಅಡುಗೆಮನೆ. ಒಲೆಯ ಹಿಂದಿನ ಗೋಡೆಗೆ ಇವಳ ಕೈ ಎಟುಕುತ್ತಿರಲಿಲ್ಲ, ಅಲ್ಲಿನ ಎಣ್ಣೆ ಜಿಡ್ಡು ನನ್ನ ಕಣ್ಣಿಗೆ ಗೋಡೆಯ ಬಣ್ಣವೇ ಆಗಿಹೋಗಿತ್ತು. ಮೇಲಧಿಕಾರಿ ಅದರ ಮೇಲೆ ಬಿಸಿನೀರಿನ ಬಟ್ಟೆ ಹರಡಿ ಬಿಟ್ಟರು. "ಉಜ್ಜಿದ್ರೆ ಜಗಳ ಆಡುತ್ತೆ. ನೆನೆಯೋಕೆ ಬಿಟ್ರೆ ತಾನೇ ಮನಸ್ಸು ಬದಲಾಯಿಸುತ್ತೆ." ಚಹಾ ಕುಡಿದು ಬರುವಷ್ಟರಲ್ಲಿ ಜಿಡ್ಡು ಜಾರಿ ಬಂತು. ಗೋಡೆ ತಿಳಿಹಳದಿಯಂತೆ. ನಮ್ಮ ಅಡುಗೆಮನೆಯ ಬಣ್ಣ ಗೊತ್ತಾದದ್ದು ಇವತ್ತೇ.

ಕಪಾಟಿನ ಹಿಂದಕ್ಕೆ ಕೈ ಹಾಕಿದವರು ಅಲ್ಲೇ ನಿಂತು, "ನಿಮ್ಮ ಮನೆಯವರು ಗಟ್ಟಿ ಕೆಲಸದೋರು" ಎಂದರು. ಈ ಮಾತು ಅವರ ಬಾಯಿಂದ ಸುಲಭಕ್ಕೆ ಬರುವುದಲ್ಲ. "ಈ ಮೂಲೆ ಯಾರೂ ಒರೆಸಲ್ಲ. ಅವರು ಒರೆಸಿದಾರೆ." ಆಮೇಲೆ ಮುಂದಿನ ಕೋಣೆಗೆ ಕರೆದು ಕಿಟಕಿಯ ಪಟ್ಟಿ ತೋರಿಸಿದರು. ಒಂದು ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. "ನೋಡಿ, ಇದು ಒರೆಸಿ ಒರೆಸಿ ಸವೆದಿರೋದು. ದಿನಕ್ಕೆ ಒಂದು ಸಲ ಒರೆಸಿದ್ರೆ ಮರ ಹೀಗೆ ಆಗಲ್ಲ."

"ಅವಳಿಗೆ ಕ್ಲೀನಿಂಗ್ ಹುಚ್ಚು ಅಕ್ಕಾ" ಎಂದೆ.

"ಹುಚ್ಚು" ಎಂದರು. ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ ಇಟ್ಟು ಹೊರಟುಹೋದರು.

ಅವರು ಬಗ್ಗಿ ಏಳುವಾಗ ಬ್ರಷ್ಷು, ಬಟ್ಟೆ, ಸೋಪಿನ ಡಬ್ಬಿ ಎಲ್ಲವನ್ನೂ ಕಂಕುಳಲ್ಲಿ ಹಿಡಿದುಕೊಳ್ಳುವುದನ್ನು ನೋಡಲಾಗುವುದಿಲ್ಲ. ಒಂದು ಕೆಲಸದ ಕೋಟು ಹೊಲಿದು ಕೊಡಬೇಕು. ದಪ್ಪ ಬಟ್ಟೆ, ದೊಡ್ಡ ಜೇಬುಗಳು, ಬಲ ಭುಜಕ್ಕೆ ಒಂದು ಬೆರಳು ಇಳಿಸಿ. ಅಳತೆ ಕೇಳುವ ಅಗತ್ಯವಿಲ್ಲ, ಕಣ್ಣಲ್ಲೇ ತೆಗೆದಾಗಿದೆ. ಹಳೆಯ ಹಸಿರು ಬಟ್ಟೆಯ ಒಂದು ಸುರುಳಿ ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿದೆ. ಎಲೆಹಸಿರು, ಯಾವ ಗಿರಾಕಿಯೂ ಒಪ್ಪದ ಬಣ್ಣ. ಅವರಿಗೆ ಒಪ್ಪುತ್ತದೆ.

ಮಾರ್ಚ್ 19, ಬುಧವಾರ

ಸಿಕ್ಕಿಬಿದ್ದೆ. ಆಸ್ಪತ್ರೆಯಲ್ಲಿ ಇವಳ ಮಂಚದ ಪಕ್ಕದ ಮೇಜನ್ನು ಕರವಸ್ತ್ರದಿಂದ ಒರೆಸುತ್ತಿದ್ದೆ. ಮಡಿಸಿ, ಮಗುಚಿ, ಮೇಲಿಂದ ಕೆಳಕ್ಕೆ. ಇವಳು ನೋಡುತ್ತಾ ಇದ್ದು, "ಇದನ್ನ ಯಾರು ಹೇಳಿಕೊಟ್ರು ನಿಮಗೆ?" ಎಂದಳು. ಕರವಸ್ತ್ರವನ್ನು ಜೇಬಿಗೆ ತುರುಕಿದೆ. ಇವಳೇ ಮುಂದುವರಿಸಿದಳು, "ಯಾರೋ ಮನೆಗೆ ಬರ್ತಿದಾರೆ. ಹೌದಾ ಇಲ್ವಾ?"

ಹೌದು ಎಂದೆ. ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿದಳು. "ನನ್ನ ಅಡುಗೆಮನೆಗೆ ಯಾರೋ ಕೈ ಹಾಕ್ತಾರೆ, ನಾನು ಇಲ್ಲಿ ಬಿದ್ಕೊಂಡಿರ್ತೀನಿ." ಗೋಡೆಗೇ ಕೇಳಿದ ಹಾಗೆ, "ಒಂದು ಬಕೆಟ್ಟಾ, ಎರಡಾ?"

"ಎರಡು."

"ಹ್ಞೂಂ" ಎಂದಳು. ಆಮೇಲೆ ಮುಖ ಇತ್ತ ತಿರುಗಿತು.

ಮುಂದಿನ ಶುಕ್ರವಾರ, 28ಕ್ಕೆ, ಬಿಡುಗಡೆ ಎಂದರು ಡಾಕ್ಟರು. ಎಲ್ಲಿಗೆ ಎಂದು ನೀವು ನಿರ್ಧಾರ ಮಾಡಿಕೊಳ್ಳಿ ಎಂದರು. ಅತ್ತಿಗೆ ಭಾನುವಾರ ಮನೆ ನೋಡಲು ಬರುತ್ತಾರೆ. ರೈಲಿನ ಟಿಕೆಟ್ಟು ಎರಡು ತೆಗೆದಿಟ್ಟಿದ್ದಾರಂತೆ, ಬೇಡವಾದರೆ ಒಂದನ್ನು ವಾಪಸು ಮಾಡಿದರಾಯಿತು ಎಂದರು.

ಮಾರ್ಚ್ 20, ಗುರುವಾರ

ಮೇಲಧಿಕಾರಿ ಇವತ್ತು ಮಲಗುವ ಕೋಣೆಯನ್ನು ಅಕ್ಷರಶಃ ತೊಳೆದರು. ಹಾಸಿಗೆ ಬಿಸಿಲಿಗೆ ಹೋಯಿತು, ಪರದೆ ಬಕೆಟ್ಟಿಗೆ ಹೋಯಿತು, ಮಂಚದ ಕಾಲುಗಳನ್ನು ಕೂಡ ಮಗುವಿನ ಕಾಲಿನ ಹಾಗೆ ಎತ್ತಿ ಎತ್ತಿ ಒರೆಸಿದರು. ಒಗೆದ ಬಿಳಿ ಹೊದಿಕೆ ಹಾಸಿ, ಇವಳ ದಿಂಬಿಗೆ ಬಿಳಿ ಕವರು ಹಾಕಿ, ನೆಲಕ್ಕೆ ಕೆನ್ನೆ ಹಚ್ಚಿ ನೋಡಿ ಎದ್ದು ನಿಂತರು. ಇದಕ್ಕಿಂತ ಚೊಕ್ಕಟವಾದ ಕೋಣೆಯನ್ನು ನಾನು ನೋಡಿಲ್ಲ. ಸುಮ್ಮನೆ ನಿಂತು ನೋಡಬೇಕು ಅನಿಸುತ್ತಿತ್ತು.

"ಈ ಬಾಗಿಲು ಮುಚ್ಚಿಡಿ. ಅವರು ಬರೋವರೆಗೂ ತೆಗೀಬೇಡಿ. ನೀವು ಬೇರೆ ಕಡೆ ಮಲಕ್ಕೊಳ್ಳಿ" ಎಂದರು. ಆಯಿತು ಎಂದೆ. ಬಾಗಿಲಲ್ಲಿ ಇನ್ನೇನೋ ಹೇಳಲು ನಿಂತು, "ಟೈಲರಣ್ಣ, ಈ ಮೂರು ದಿನ ಹೊಲಿಗೆ ಬಿಡೋಕಾಗಲ್ವಾ?" ಎಂದರು.

ಸಮವಸ್ತ್ರ ಕೊಡುವ ದಿನ ಹತ್ತಿರ ಬಂದಿದೆ, ಹೇಗಾಗುತ್ತದೆ ಎಂದೆ. ಸರಿ ಎಂದು ಹೋದರು. ನನಗೆ ವಿಶ್ರಾಂತಿ ಬೇಕೆಂದು ಅವರಿಗೆ ಕಂಡಿರಬೇಕು. ಒಳ್ಳೆಯ ಮನಸ್ಸು.

ಮಾರ್ಚ್ 22, ಶನಿವಾರ

ಬಿಳಿ ಅಂಗಿಗಳನ್ನು ನಿನ್ನೆಯೇ ಮುಗಿಸಿ, ಇವತ್ತು ಬೆಳಗ್ಗಿನಿಂದ ಕೂತು ಹಸಿರು ಕೋಟು ಹೊಲಿದೆ. ದಪ್ಪ ಬಟ್ಟೆ, ಕತ್ತರಿ ಹಾಕಿದಲ್ಲೆಲ್ಲ ಎಳೆ ಬಿಡುತ್ತಿತ್ತು. ನಾಲ್ಕು ಜೇಬು ಕೂರಿಸಿದೆ. ಭುಜ ಎಷ್ಟು ಚೆನ್ನಾಗಿ ಕೂತಿತೆಂದರೆ ಗೂಟಕ್ಕೆ ನೇತುಹಾಕಿ ದೂರ ನಿಂತು ನೋಡಿದೆ. ತುಂಬ ದಿನದ ಮೇಲೆ ಮನಸ್ಸಿಗೆ ಹಿಗ್ಗಾಯಿತು.

ಆ ಹಿಗ್ಗಿನಲ್ಲೇ, ನಾಳೆ ಅತ್ತಿಗೆ ಬರುತ್ತಾರಲ್ಲ ಎಂದು ಮಲಗುವ ಕೋಣೆಯ ಬಾಗಿಲು ತೆಗೆದೆ. ಗುರುವಾರದಿಂದ ಅದು ಮುಚ್ಚೇ ಇತ್ತು. ಕಿಟಕಿಯೂ ಮುಚ್ಚಿತ್ತು. ಎಲ್ಲ ಹೇಗಿತ್ತೋ ಹಾಗೇ ಇತ್ತು. ಇವಳ ದಿಂಬಿನ ಮೇಲೆ ಮಾತ್ರ ಸಣ್ಣಗೆ, ನವಿರಾಗಿ, ಹಸಿರು ಧೂಳು.

ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದೆ. ಎಲೆಹಸಿರು. ಈ ಮನೆಯಲ್ಲಿ, ಈ ರಸ್ತೆಯಲ್ಲಿ, ಆ ಬಣ್ಣದ್ದು ಇನ್ನೊಂದಿಲ್ಲ. ಕೋಟಿನ ಬಟ್ಟೆ, ಬೆಳಗ್ಗೆಯಷ್ಟೇ ಪೆಟ್ಟಿಗೆಯಿಂದ ತೆಗೆದದ್ದು. ಬಾಗಿಲ ಕೆಳಗಿನ ಸಂದಿಯಿಂದ ನುಗ್ಗಿ, ನೆಲ ದಾಟಿ, ಮಂಚ ಹತ್ತಿ, ಇವಳು ಮೂಗಿಡುವ ಜಾಗಕ್ಕೇ ಬಂದು ಕೂತಿದೆ.

ಮಂಚದ ಅಂಚಿನಲ್ಲಿ ಕೂತೆ. ಕೂರಬಾರದಿತ್ತು, ಹೊದಿಕೆ ಮುದುಡಿತು. ಇನ್ನು ಬರೆಯಲಾರೆ.

ಮಾರ್ಚ್ 23, ಭಾನುವಾರ

ಬೆಳಗ್ಗೆ ಎದ್ದು ದಿಂಬಿನ ಕವರು ಒಗೆದೆ, ಒಣಗಿಸಿದೆ, ಹಾಕಿದೆ. ಎಲ್ಲ ಕೋಣೆ ಒರೆಸಿದೆ, ಎರಡು ಬಕೆಟ್ಟಿನಲ್ಲಿ. ಮೆಷಿನ್ನಿನ ಮೇಲೆ ಹೊದಿಕೆ ಹಾಕಿ ಕಟ್ಟಿದೆ.

ಅತ್ತಿಗೆ ಬಂದು ಬಾಗಿಲ ಮೇಲ್ಗಡೆ, ಕಪಾಟಿನ ತಲೆ, ಮಂಚದ ಅಡಿ, ಬಲ್ಬಿನ ಬುರುಡೆ, ಎಲ್ಲ ಕಡೆ ಬೆರಳಾಡಿಸಿದರು. ಬೆರಳು ಚೊಕ್ಕಟವಾಗಿಯೇ ಇತ್ತು. ಅಡುಗೆಮನೆಯ ಗೋಡೆಯನ್ನು ಎರಡೆರಡು ಸಲ ಒರೆಸಿ ನೋಡಿದರು. "ನಾನು ಹೀಗಿರುತ್ತೆ ಅಂದ್ಕೊಂಡಿರಲಿಲ್ಲ. ನಮ್ಮನೇನೂ ಇಷ್ಟು ಚೆನ್ನಾಗಿಲ್ಲ. ಆಯ್ತು, ಇಲ್ಲಿಗೇ ಕರ್ಕೊಂಡು ಬನ್ನಿ. ಆ ಟಿಕೆಟ್ಟು ವಾಪಸ್ ಮಾಡ್ತೀನಿ."

ಗೆದ್ದೆ. ಇದಕ್ಕಾಗಿಯೇ ಮೂರು ವಾರದಿಂದ ಒದ್ದಾಡಿದ್ದು. ಚಹಾ ಮಾಡಿ ಕೊಟ್ಟೆ. ಅವರು ಕುಡಿದು, ಲೋಟ ಕೆಳಗಿಟ್ಟು, ಏಳುವ ಹೊತ್ತಿಗೆ ನನ್ನ ಬಾಯಿಂದ ಮಾತು ಬಂದುಬಿಟ್ಟಿತು.

"ಅತ್ತಿಗೆ, ಟಿಕೆಟ್ಟು ಗುರುವಾರದವರೆಗೂ ಇಟ್ಕೊಂಡಿರಿ."

"ಯಾಕೆ?"

"ಇನ್ನೂ ಒಂದು ವಸ್ತು ಹೊರಗೆ ಹೋಗೋದಿದೆ. ಅದು ಹೋಗ್ಲಿಲ್ಲ ಅಂದ್ರೆ ಅವಳು ನಿಮ್ಮ ಜೊತೆ ಬರ್ಲಿ."

ಅತ್ತಿಗೆಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ. ಅವರನ್ನು ಬಿಟ್ಟು ಬಂದು ನೇರವಾಗಿ ಬೀದಿಯ ಕೊನೆಯ ಸೈಕಲ್ ರಿಪೇರಿಯವನ ಹತ್ತಿರ ಹೋದೆ. ಅವನ ಅಂಗಡಿಯ ಹಿಂದಿನ ಅರ್ಧ ಹಳೆಯ ಟೈರುಗಳಿಗೆ ಬಿಟ್ಟಿದೆ. ಅಲ್ಲಿ ಮೆಷಿನ್ನು ಇಡಲು ಜಾಗ ಕೇಳಿದೆ. "ಮನೇಲಿ ಅಷ್ಟು ಒಳ್ಳೆ ಜಾಗ ಬಿಟ್ಟು ಇಲ್ಲಿಗ್ಯಾಕೆ? ಮಳೆ ಬಂದ್ರೆ ಸೋರುತ್ತೆ" ಎಂದ. ಸೋರಲಿ ಎಂದೆ. ಮದುವೆಯಾದಾಗಿನಿಂದ ಆ ಮೆಷಿನ್ನು ಆ ಕಿಟಕಿಯ ಪಕ್ಕದಿಂದ ಅಲುಗಿಲ್ಲ. ಗಿರಾಕಿಗಳು ಅಲ್ಲಿಗೆ ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಮಾರ್ಚ್ 24, ಸೋಮವಾರ

ಮೇಲಧಿಕಾರಿ ಬಂದಾಗ ನಾನು ಮೆಷಿನ್ನಿನ ಬೆಲ್ಟು ಬಿಚ್ಚುತ್ತಿದ್ದೆ. ಅವರು ಬಕೆಟ್ಟು ಕೆಳಗಿಟ್ಟು ಮೆಷಿನ್ನಿನ ಇನ್ನೊಂದು ಕಡೆ ಹಿಡಿದರು. ಇಬ್ಬರೂ ಸೇರಿ ಸೈಕಲ್ಲಿನವನ ತಳ್ಳುಗಾಡಿಗೆ ಏರಿಸಿದೆವು. ಅವರ ಕಡೆಯೇ ಹೆಚ್ಚು ಭಾರ ಇದ್ದದ್ದು.

"ನಿಮಗೆ ಮೊದಲೇ ಗೊತ್ತಿತ್ತಲ್ವಾ ಅಕ್ಕಾ? ಯಾಕೆ ಹೇಳಲಿಲ್ಲ?"

"ಧೂಳು ನೀಲಿ ಅಂದೆ. ಪಟ್ಟಿ ಸವೆದಿದೆ ಅಂದೆ. ಮೂರು ದಿನ ಹೊಲಿಗೆ ಬಿಡಿ ಅಂದೆ. ಇನ್ನೇನು, ಡಂಗುರ ಹೊಡೆಸ್ಬೇಕಿತ್ತಾ?" ಆಮೇಲೆ ದನಿ ತಗ್ಗಿಸಿದರು. "ಒಬ್ಬರ ಅನ್ನದ ಮೇಲೆ ಬೆರಳು ತೋರಿಸೋದು ಸುಲಭ ಅಲ್ಲ ಟೈಲರಣ್ಣ."

ಹಸಿರು ಕೋಟು ಕೊಟ್ಟೆ. ತೊಟ್ಟು ನೋಡಿದರು. ಇಳಿಸಿ ಹೊಲಿದ ಭುಜವನ್ನು ಎರಡು ಸಲ ಸವರಿಕೊಂಡರು. ಬಗ್ಗಿ ಎದ್ದರು. "ಕೆಳಗಿನ ಜೇಬು ತಪ್ಪಾಗಿದೆ. ಬಗ್ಗಿದ್ರೆ ಎಲ್ಲಾ ಬಿದ್ದುಹೋಗುತ್ತೆ. ಒಂದು ಗೇಣು ಮೇಲೆ ಬರ್ಬೇಕು." ಸರಿ ಮಾಡಿ ಕೊಡುತ್ತೇನೆ ಎಂದರೆ ಬಿಚ್ಚಿ ಕೊಡಲು ಒಪ್ಪಲಿಲ್ಲ. ಗುರುವಾರ ನೋಡೋಣ ಎಂದು ಅದನ್ನೇ ತೊಟ್ಟುಕೊಂಡು ಹೋದರು.

ಮಾರ್ಚ್ 27, ಗುರುವಾರ

ಮೆಷಿನ್ನು ಇದ್ದ ಜಾಗದ ಗೋಡೆಯನ್ನು ಮೇಲಧಿಕಾರಿ ಒರೆಸಿದರು. ಎಷ್ಟೋ ಬಣ್ಣದ ನೂಲಿನ ಪುಡಿ ಪದರ ಪದರವಾಗಿ ಎದ್ದು ಬಂತು. ಮೂರು ದಿನದ ಹಿಂದೆ ಒರೆಸಿದ್ದ ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದು ನನಗೆ ತೋರಿಸಿದರು. ಏನೂ ಇರಲಿಲ್ಲ. ಆ ಖಾಲಿ ಬೆರಳನ್ನು ಅವರು ಹಿಡಿದು ನಿಂತ ಠೀವಿ ನೋಡಬೇಕಿತ್ತು. ನಾನು ಅತ್ತಿಗೆಗೆ ಫೋನು ಮಾಡಿ ಟಿಕೆಟ್ಟು ಬೇಡ ಎಂದೆ.

ಹೊರಡುವ ಮುಂಚೆ ನನಗೆ ಕಾನೂನು ಹಾಕಿದರು. ಅಂಗಡಿಯಿಂದ ಬಂದ ಮೇಲೆ ಹೊರಗೇ ನಿಂತು ಮೈಮೇಲಿನ ಎಳೆ, ನೂಲಿನ ಪುಡಿ ಎಲ್ಲ ಕೊಡವಿಕೊಳ್ಳಬೇಕು, ಆಗ ಬಾಗಿಲು, ಕಿಟಕಿ ಮುಚ್ಚಿರಬೇಕು, ಅಂಗಿ ಬದಲಾಯಿಸಿಯೇ ಒಳಗೆ ಕಾಲಿಡಬೇಕು. ಆಗಲಿ ಎಂದೆ.

ಮಾರ್ಚ್ 28, ಶುಕ್ರವಾರ

ಬಂದಳು.

ಬಾಗಿಲಲ್ಲಿ ನಿಂತವಳು ಮುಂದಿನ ಕೋಣೆಯನ್ನು ನೋಡಿ ಒಳಗೇ ಬರಲಿಲ್ಲ. "ಮೆಷಿನ್ ಎಲ್ಲಿ?"

ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು, ಕೋಪದ ನೀರು. "ಯಾರ್ ಹೇಳಿದ್ರು ನಿಮಗೆ? ನಾನು ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದು ಇದಕ್ಕಾ?"

ಆಗ ಗೊತ್ತಾಯಿತು. ಇವಳಿಗೆ ತಿಳಿದಿತ್ತು. ಯಾವಾಗಿನಿಂದಲೋ ತಿಳಿದಿತ್ತು. ನಾನು ಗುಂಡಿ ಕೊಡು, ಗುಂಡಿ ತೂತಿಗೆ ಕಾಜಾ ಹಾಕು ಎನ್ನುತ್ತಾ ಹೊಲಿಯುತ್ತಿದ್ದರೆ ಇವಳು ಎದ್ದು ಎದ್ದು ಕಿಟಕಿ ಒರೆಸುತ್ತಿದ್ದಳು. ನಿಮ್ಮ ಗಂಡನಿಗೆ ಏನು ಕೆಲಸ ಎಂದು ಡಾಕ್ಟರು ಕೇಳಿದಾಗ, ನಮ್ಮವರಿಗೆ ಬೇರೆ ಕಡೆ ಅಂಗಡಿ ಇದೆ, ಧೂಳು ರಸ್ತೆಯದು ಎಂದುಬಿಟ್ಟಿದ್ದಳಂತೆ.

"ಯಾಕೆ ಹಾಗೆ ಹೇಳಿದೆ?"

"ಹೊರಗೆ ಅಂಗಡಿ ಇಟ್ಟರೆ ನೀವು ಬೆಳಗ್ಗೆ ಹೋಗಿ ಸಂಜೆ ಬರ್ತೀರಾ. ನಾನು ದಿನವಿಡೀ ಯಾರ ಮುಖ ನೋಡ್ಲಿ? ನಿಮ್ಮ ಪಕ್ಕ ಕೂತು ಗುಂಡಿ ಹಾಕೋದು ಬಿಟ್ಟು ನನಗೇನು ಇಷ್ಟ ಇತ್ತು ರೀ?"

"ಡಾಕ್ಟರಿಗೆ ಹೇಳಿದ್ದು ಈಗ ನಿಜ ಆಯ್ತಲ್ಲ" ಎಂದೆ. ಪೆದ್ದು ಮಾತು. ಇವಳು ಅಳುತ್ತಲೇ ಒಳಗೆ ಬಂದು, ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ಹೋದಳು. ಹಳದಿ ಗೋಡೆ ನೋಡಿದಳು. ಕಪಾಟಿನ ಹಿಂದಿನ ಮೂಲೆಗೆ ಕೈ ಹಾಕಿ ನೋಡಿದಳು.

ಮಾರ್ಚ್ 31, ಸೋಮವಾರ

ಇಬ್ಬರೂ ಮುಖಾಮುಖಿಯಾದರು. ನಾನು ಅಂಗಡಿಗೆ ಹೋಗದೆ ನಿಂತಿದ್ದೆ, ಯುದ್ಧವಾದರೆ ಬಿಡಿಸಬೇಕಲ್ಲ ಎಂದು. ಇವಳು ಕುರ್ಚಿಯಲ್ಲಿ ಕೂತು ಮೇಲಧಿಕಾರಿಯ ಕೈಯನ್ನೇ ದುರುಗುಟ್ಟಿ ನೋಡಿದಳು. ಅವರು ಬಟ್ಟೆ ಮಗುಚಿದಾಗಲೆಲ್ಲ ಇವಳ ಹುಬ್ಬು ಏಳುತ್ತಿತ್ತು. ಕೊನೆಗೆ ಇವಳು, "ಆ ಕಿಟಕಿ ಕಂಬಿಯ ಹಿಂದೆ?" ಎಂದಳು. ಅವರು ತಿರುಗಿ ನೋಡದೆ, "ಮೊದಲೇ ಆಯ್ತು" ಎಂದರು. ಇವಳು ಕುರ್ಚಿಗೆ ಬೆನ್ನು ಕೊಟ್ಟು ಒರಗಿದಳು. ಇಷ್ಟು ವರ್ಷದಲ್ಲಿ ಈ ಮನೆಯ ಕೆಲಸ ನಡೆಯುವಾಗ ಇವಳು ಒರಗಿ ಕೂತದ್ದನ್ನು ನಾನು ಕಂಡಿಲ್ಲ.

ಆಮೇಲೆ ಅವರಿಬ್ಬರ ಮಾತು ಶುರುವಾಯಿತು, ನಿಲ್ಲಲಿಲ್ಲ. ಹೆಚ್ಚಿನದು ನನ್ನ ಬಗ್ಗೆಯೇ. "ನೀವಿನ್ನೂ ಇಲ್ಲೇ ಇದೀರಾ?" ಎಂದರು ಇಬ್ಬರೂ ಒಟ್ಟಿಗೆ. ಅಂಗಡಿಗೆ ಹೋದೆ.

ಏಪ್ರಿಲ್ 2, ಬುಧವಾರ

ಗಿರಾಕಿಗಳು ಅರ್ಧಕ್ಕರ್ಧ ಬಂದಿದ್ದಾರೆ. ಉಳಿದವರೂ ಬಂದಾರು. ಮಧ್ಯಾಹ್ನ ಊಟಕ್ಕೆ ಬಂದವನು ಪಾತ್ರೆ ತೊಳೆದಿಟ್ಟು, ಒಲೆ ಒರೆಸಿ ಹೋದೆ. ಇವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ಏಪ್ರಿಲ್ 7, ಸೋಮವಾರ

ಸಂಜೆ ಅಂಗಡಿಯಿಂದ ಬಂದು, ಕಾನೂನಿನ ಪ್ರಕಾರ, ಮನೆಯ ಮುಂದೆ ನಿಂತೆ. ಬಾಗಿಲು ಹಾಕಿತ್ತು. ದಿನವೂ ಒಳಗೇ ಇರುತ್ತಿದ್ದ ಇವಳು ಇವತ್ತು ಕಿಟಕಿಯ ಗಾಜಿನ ಹಿಂದೆ ಬಂದು ನಿಂತಳು. ಕೊಡವಿಕೊಂಡು ಬಾಗಿಲ ಕಡೆ ಹೊರಟ ನನ್ನನ್ನು ತಡೆದು, ಬೆರಳಿನಿಂದ ನನ್ನ ಎಡ ಭುಜ ತೋರಿಸಿದಳು. ನೋಡಿದರೆ ಬಿಳಿ ಎಳೆಯೊಂದು ಅಂಟಿತ್ತು. ತೆಗೆದೆ. ಕಿವಿಯ ಹಿಂದೆ ಎಂದು ತನ್ನ ಕಿವಿಯನ್ನೇ ಮುಟ್ಟಿ ತೋರಿಸಿದಳು. ಅಲ್ಲೂ ಇತ್ತು. ಕಾಲರು. ಮೊಣಕೈ. ತಿರುಗಿ ಎಂದು ಕೈ ಆಡಿಸಿದಳು, ತಿರುಗಿದೆ. ಬೆನ್ನಿಗೆ ಕೈ ಎಟುಕಲಿಲ್ಲ, ಕುಣಿದಂತೆ ಕೊಡವಿದೆ. ಮತ್ತೆ ಈ ಕಡೆ ತಿರುಗಿದಾಗ ಇನ್ನೊಮ್ಮೆ ಭುಜ ತೋರಿಸಿದಳು, ಆಮೇಲೆ ತಲೆ, ಆಮೇಲೆ ಮತ್ತೆ ಭುಜ. ತೋರಿಸಿದಲ್ಲೆಲ್ಲ ಕೊಡವುತ್ತಾ ಹೋದೆ. ಕೈಗೆ ಏನೂ ಸಿಗುತ್ತಿರಲಿಲ್ಲ.

ಸೈಕಲ್ಲಿನವನು ಮನೆಗೆ ಹೋಗುತ್ತಾ ನಿಂತು, "ಮೈಮೇಲೆ ಏನೂ ಇಲ್ವಲ್ಲ, ಏನ್ ಕೊಡವ್ತಿದೀರಾ?" ಎಂದ.

ಕಿಟಕಿಯ ಕಡೆ ನೋಡಿದೆ. ಇವಳು ಗಾಜಿಗೆ ಹಣೆ ಒತ್ತಿ ನಗುತ್ತಿದ್ದಳು. ಅಷ್ಟು ನಕ್ಕರೂ ಒಂದು ಸಲವೂ ಕೆಮ್ಮಲಿಲ್ಲ. ನಗು ನಿಂತ ಮೇಲೆ ನನ್ನ ಮುಖವನ್ನೇ ನೋಡುತ್ತಾ ಮತ್ತೆ ಎಡ ಭುಜ ತೋರಿಸಿದಳು.

ನಾನು ಕೊಡವಿದೆ.